ಹೈಕುವಿಗೆ ಮಾತ್ರೆ ಬೇಕು

ಓದುಗರೊಬ್ಬರು ತಮ್ಮ ಹೈಕು ಸಂಕಲನ ಕಳಿಸಿ, ‘ಒಂದೊಂದರಲ್ಲೂ ಸರಿಯಾಗಿ 17 ಅಕ್ಷರ, ಬೇಕಾದರೆ ಎಣಿಸಿ ನೋಡಿ’ ಎಂದು ಬರೆದಿದ್ದಾರೆ. ಎಣಿಸಿದೆ. 17 ಇವೆ. ನನ್ನ ತಕರಾರು ಇರುವುದೇ ಅಲ್ಲಿ.

ಪಾದಕ್ಕೆ ಇಷ್ಟು ಅಕ್ಷರ ಎಂದು ಎಣಿಸಿ ಪದ್ಯವನ್ನು ವಿಂಗಡಿಸುವುದು ಸಂಸ್ಕೃತದಿಂದ ಬಂದ ಕ್ರಮ. ಒಂದಕ್ಷರದ ಉಕ್ತೆಯಿಂದ 26 ಅಕ್ಷರದ ಉತ್ಕೃತಿಯವರೆಗೆ ಅದರ ಪಟ್ಟಿ ಇದೆ. ಆದರೆ ವೃತ್ತಗಳಲ್ಲಿ ಬರಿಯ ಸಂಖ್ಯೆಗೆ ಮೂರು ಕಾಸಿನ ಬೆಲೆಯಿಲ್ಲ. ಉತ್ಪಲಮಾಲೆಗೂ 20 ಅಕ್ಷರ, ಮತ್ತೇಭವಿಕ್ರೀಡಿತಕ್ಕೂ 20. ಗುರು ಲಘುಗಳು ಕೂತ ಜಾಗ ಬೇರೆಯಾದ್ದರಿಂದ ಎರಡರ ನಡಿಗೆಯೂ ಬೇರೆ. ಇನ್ನು ಆಸ್ಥಾನದ ಚಂಪುವಿನಿಂದ ಹೊರಗೆ ಬಂದ ಕನ್ನಡವಂತೂ ಅಕ್ಷರದ ಲೆಕ್ಕವನ್ನೇ ಕೈಬಿಟ್ಟಿತು. ಹರಿಹರನ ರಗಳೆ, ಕುಮಾರವ್ಯಾಸನ ಭಾಮಿನಿ ಎರಡೂ ನಡೆದದ್ದು ಮಾತ್ರೆಯ ಮೇಲೆ: ಲಘುವಿಗೆ ಒಂದು, ಗುರುವಿಗೆ ಎರಡು.

ಹಾಗಿರುವಾಗ ಹೈಕು ಬರೆಯುವವರು ಬೆರಳು ಮಡಚಿ ಅಕ್ಷರ ಎಣಿಸುತ್ತಾರಲ್ಲ, ಯಾಕೆ? ಇಂಗ್ಲಿಷಿನವರು ಹಾಗೆ ಎಣಿಸಿದರು, ನಾವು ಅವರನ್ನು ನೋಡಿ ಎಣಿಸಿದೆವು. ಜಪಾನಿನ ಕವಿ ಮಾತ್ರ ಹಾಗೆ ಎಣಿಸುವವನಲ್ಲ. ಅವನ ಲೆಕ್ಕದ ಘಟಕಕ್ಕೆ ‘ಓನ್’ ಎಂದು ಹೆಸರು. ದೀರ್ಘ ಸ್ವರಕ್ಕೆ ಎರಡು ಓನ್. ಒತ್ತಿನ ಮೊದಲರ್ಧಕ್ಕೆ ಒಂದು. ಪದದ ಕೊನೆಯ ನಕಾರಕ್ಕೂ ಒಂದು. ‘ನಿಪ್ಪೋನ್’ ಎಂಬುದರಲ್ಲಿ ಅವನಿಗೆ ಕೇಳುವುದು ನಾಲ್ಕು: ನಿ, ಪ್, ಪೊ, ನ್. ಈಗ ನಮ್ಮ ಪ್ರಸ್ತಾರ ಹಾಕಿ. ಒತ್ತಕ್ಷರದ ಹಿಂದಿನ ‘ನಿ’ ಗುರು, ‘ಪ್ಪೋನ್’ ಗುರು. ಒಟ್ಟು ನಾಲ್ಕು ಮಾತ್ರೆ! ‘ಟೋಕ್ಯೋ’ ಅವರಿಗೆ ನಾಲ್ಕು, ನಮಗೂ ನಾಲ್ಕು. ‘ಹೈಕು’ ಅವರಿಗೆ ಮೂರು, ನಮಗೂ ಮೂರು. ಅಕ್ಷರ ಎಣಿಸಿದರೆ ಈ ಮೂರು ಪದಗಳಲ್ಲೂ ಸಿಗುವುದು ಎರಡೆರಡೇ. ಗುರು ಲಘು ಬಲ್ಲ ನಮಗೆ ಜಪಾನಿನ ಲೆಕ್ಕ ಕೈಯಳತೆಯಲ್ಲೇ ಇತ್ತು. ನಾವು ಲಂಡನ್ ಸುತ್ತಿಕೊಂಡು ಹೋದೆವು.

ಇದರ ಫಲ ಏನೆಂದು ನೋಡಿ. ‘ಸುರಿವ ಮಳೆ’ ಐದಕ್ಷರ, ‘ಊರೆಲ್ಲಾ ಬೆಂಕಿ’ಯೂ ಐದಕ್ಷರ. ಮೊದಲನೆಯದು ಐದು ಮಾತ್ರೆ, ಎರಡನೆಯದು ಒಂಬತ್ತು. ಈ ಎರಡೂ ಒಂದೇ ಅಳತೆ ಎಂದು ಯಾವ ಕನ್ನಡದ ಕಿವಿ ಒಪ್ಪೀತು? 17 ಅಕ್ಷರ ಎಂದರೆ 17 ಮಾತ್ರೆಯೂ ಆಗಬಹುದು, 34 ಕೂಡ ಆಗಬಹುದು. ಒಂದಕ್ಕೆರಡಾಗುವ ಅಳತೆಗೆ ನಿಯಮ ಎಂಬ ಹೆಸರು ಯಾಕೆ?

ಮಾತ್ರೆಯಲ್ಲಿ ಬರೆದರೆ 17 ತೀರಾ ಕಡಿಮೆಯಾಯಿತು ಎಂಬ ಆಕ್ಷೇಪ ಬರುತ್ತದೆ. ಬರಲಿ. ಐದು ಮಾತ್ರೆ ಎಂದರೆ ಲಲಿತ ರಗಳೆಯ ಒಂದು ಗಣ. ಏಳು ಎಂದರೆ ಮೂರು, ನಾಲ್ಕು. ಭಾಮಿನಿಯ ಮೊದಲ ಸಾಲಿನ ಸರಿಯರ್ಧ. ಎರಡೂ ನಮ್ಮ ಗಮಕಿಗಳ ನಾಲಿಗೆಯ ಮೇಲೆ ಶತಮಾನಗಳಿಂದ ಆಡಿದ ಗತಿಗಳು. ಲೆಕ್ಕಕ್ಕಾಗಿಯಷ್ಟೇ ಕಟ್ಟಿದ ಒಂದು ಮಾದರಿ ಇಲ್ಲಿದೆ:

ಸುರಿವ ಮಳೆ
ಮನೆಯ ಬಾಗಿಲ
ನಾಯಿಮರಿ

ಐದು, ಏಳು, ಐದು ಮಾತ್ರೆ. ಅಕ್ಷರ ಎಣಿಸಿದರೆ 15 ಮಾತ್ರ; ಹದಿನೇಳರ ಪಂಥದವರು ಇದನ್ನು ಹೈಕು ಎನ್ನಲಾರರು. ಎರಡಕ್ಷರ ಸೇರಿಸಿ ಎಂದಾರು. ‘ಪುಟ್ಟ’ ಎಂದೋ ‘ಪಾಪ’ ಎಂದೋ ಸೇರಿಸಿದ ಕೂಡಲೇ ನಾಯಿಮರಿಯ ಕತೆ ಮುಗಿಯಿತು. ಕನ್ನಡ ಹೈಕುಗಳಲ್ಲಿ ಬೇಡದ ವಿಶೇಷಣಗಳು ತುಂಬಿಕೊಂಡಿರುವುದಕ್ಕೆ ಅರ್ಧ ಕಾರಣ ಈ ಭರ್ತಿ ಕೆಲಸ.

ಮಾತಿನ ಕನ್ನಡವೂ ಮಾತ್ರೆಯವರ ಪಕ್ಷಕ್ಕೇ ವಾಲುತ್ತದೆ. ‘ಮಾಡುತ್ತೇನೆ’ ಎಂದು ಬರೆದರೆ ಏಳು ಮಾತ್ರೆ, ಒಂದು ಇಡೀ ನಡುಸಾಲು. ‘ಮಾಡ್ತೀನಿ’ ಎಂದರೆ ಐದು. ಆಡುಮಾತಿನಲ್ಲಿ ಬರೆಯುವವರಿಗೆ ಎರಡು ಮಾತ್ರೆ ಉಳಿತಾಯ.

ಲೆಕ್ಕವೇ ಬೇಡ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಮೂರು ಸಾಲಿನ ಕವಿತೆ ಎಂದು ಧಾರಾಳವಾಗಿ ಬರೆಯಿರಿ. ಲೆಕ್ಕ ಪಾಲಿಸಿದ್ದೇವೆ ಎಂದು ಮುನ್ನುಡಿಯಲ್ಲಿ ಬೀಗುವವರು ಮಾತ್ರ ಪ್ರತಿ ಸಾಲಿಗೂ ಪ್ರಸ್ತಾರ ಹಾಕಿ, ಗುರುವಿಗೆ ಎರಡು ಎಣಿಸಿ, ಆಮೇಲೆ ಅಚ್ಚಿಗೆ ಕೊಡಿ.