‘ತುಡುಗು’: ಶಿಗ್ಲಿ ಸೀಮೆಯ ಒಂದು ಮಾತು

ಉತ್ತರ ಕರ್ನಾಟಕದ ಕಥೆ ಕಾದಂಬರಿಗಳಿಗೆ ಬರೆಯುವ ಟಿಪ್ಪಣಿಗಳಲ್ಲಿ ‘ತುಡುಗು ಎಂದರೆ ಕಳ್ಳತನ’ ಎಂದು ಒಂದೇ ಮಾತಿನಲ್ಲಿ ಅರ್ಥವನ್ನು ಮುಗಿಸುವ ರೂಢಿಯುಂಟು. ಇದು ತಪ್ಪೆಂದು ನಾವು ಹೇಳುವುದಿಲ್ಲ, ಸಾಲದು ಎನ್ನುತ್ತೇವೆ.

1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಶಿಗ್ಲಿ, ಲಕ್ಷ್ಮೇಶ್ವರಗಳ ಸೀಮೆಯ ಆಡುಮಾತಿನಲ್ಲಿ ಪರರ ಹೊಲಕ್ಕೆ ನುಗ್ಗಿ ಮೇಯುವುದು ‘ತುಡುಗು ದನ’. ನೆಲುವಿನ ಹಾಲಿಗೆ ಬಾಯಿ ಹಾಕುವುದು ‘ತುಡುಗು ಬೆಕ್ಕು’. ಡಬ್ಬಿಯ ಬೆಲ್ಲ ತಿಂದ ಹುಡುಗ ‘ತುಡುಗ’. ಇಲ್ಲೆಲ್ಲ ಟಿಪ್ಪಣಿಕಾರರ ‘ಕಳ್ಳತನ’ವನ್ನು ಇಟ್ಟು ನೋಡಿದರೆ ಎತ್ತನ್ನೂ ಠಾಣೆಗೆ ಎಳೆಯಬೇಕಾದೀತು! ನಿಜವಾದ ಕಳವಿಗೂ ಈ ಮಾತು ಸಲ್ಲುತ್ತದೆಂಬುದು ದಿಟ. ಆದರೆ ಅದರ ಜೀವಾಳವಿರುವುದು ಸ್ವತ್ತಿನ ಹಾನಿಯಲ್ಲಲ್ಲ, ಚಾಳಿಯಲ್ಲಿ. ಚಾಳಿ ಬಿಟ್ಟರೆ ಹೆಸರೂ ಬಿಡುತ್ತದೆ.

‘ಕಳ್ಳ’ನ ಕಥೆ ಬೇರೆ. ‘ಕಳ್’ ಎಂಬುದು ತಮಿಳು, ಮಲಯಾಳಗಳಿಗೂ ಸಮಾನವಾದ ಹಳೆಯ ಧಾತು. ಬಸವಣ್ಣನವರ ಪ್ರಸಿದ್ಧ ವಚನವೊಂದರ ಮೊದಲ ನಿಷೇಧವೇ ಇದರಿಂದಾದುದು. ಇಂದಿನ ಮಾತಿನಲ್ಲಿ ಕ್ರಿಯಾಪದದ ಸ್ಥಾನವನ್ನು ‘ಕದಿ’ ಆಕ್ರಮಿಸಿದೆ. ‘ಕಳ್’ ಉಳಿದಿರುವುದು ಕಳವು, ಕಳ್ಳ ಎಂಬ ನಾಮಪದಗಳಲ್ಲಿ. ಕೃತ್ಯವನ್ನು ಹೇಳುವ ಧಾತು ಮರೆಯಾಗಿ ಕರ್ತೃವಿನ ಹೆಸರು ಮಾತ್ರ ನಿಂತಿತು. ನಿಂತ ಹೆಸರು ಕೃತ್ಯದ ಹಂಗಿಲ್ಲದೆ ಹಬ್ಬಿತು: ಕಳ್ಳನೋಟ, ಕಳ್ಳಹೆಜ್ಜೆ, ಕಳ್ಳಬಟ್ಟಿ, ‘ಮೈಗಳ್ಳ’ನಂತೂ ಪರರ ಹುಲ್ಲುಕಡ್ಡಿಯನ್ನೂ ಮುಟ್ಟಿದವನಲ್ಲ.

ಕೃತ್ಯವಿಲ್ಲದ ಹೆಸರು ಇಡಿಯ ಜನಕ್ಕೇ ಅಂಟಿದಾಗ ವಿಷಯ ವಿನೋದದ್ದಾಗಿ ಉಳಿಯುವುದಿಲ್ಲ. ‘ಚೋರ’ ಎಂಬ ಸಂಸ್ಕೃತ ಶಬ್ದ ಕೃಷ್ಣನಿಗೆ ‘ನವನೀತಚೋರ’ನೆಂಬ ಮುದ್ದಿನ ಬಿರುದಾಯಿತು, ಅದೇ ಶಬ್ದ ಈ ಭಾಗದ ‘ಗಂಟಿಚೋರ’ ಸಮುದಾಯಕ್ಕೆ ಹುಟ್ಟಿನಿಂದಲೇ ಬರುವ ಹೆಸರಾಯಿತು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವೆಂದು ಎಣಿಸಿತು. ಹುಬ್ಬಳ್ಳಿಯಲ್ಲಿ ಇಂಥವರನ್ನು ತಂತಿಬೇಲಿಯೊಳಗೆ ಇರಿಸಿದ ‘ಸೆಟ್ಲಮೆಂಟ್’ ಇಂದಿಗೂ ಊರಿನ ಒಂದು ಭಾಗದ ಹೆಸರು. ಕಾಯಿದೆ 1952ರಲ್ಲಿ ರದ್ದಾಯಿತು. ‘ಗಂಟಿಚೋರ’ ಎಂಬುದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಉಳಿಯಿತು.

ಆದುದರಿಂದ ತುಡುಗು, ಕಳವು, ಚೋರಗಳನ್ನು ಪರ್ಯಾಯಪದಗಳೆಂದು ವಿದ್ಯಾರ್ಥಿಗಳಿಗೆ ಬರೆಯಿಸುವುದನ್ನು ನಾವು ಒಪ್ಪಲಾರೆವು. ಶಾಲೆಯ ದಾಖಲೆಯಲ್ಲಿ ‘ಗಂಟಿಚೋರ’ ಎಂದು ಜಾತಿ ಬರೆಯಿಸುವ ಮಗು ಏನನ್ನೂ ಕದ್ದಿಲ್ಲ. ಶಿಗ್ಲಿಯ ತುಡುಗು ದನವಾದರೋ ಮೇದ ಮೇಲೆಯೇ ಆ ಹೆಸರನ್ನು ಪಡೆದಿರುತ್ತದೆ.