ಕೂಸು ಯಾರ ಪಾಲು?

ಮಿಲಿಟರಿಯವನೊಬ್ಬ ಬಂದು ವಿಧವೆ ತಾಯಿಯ ಕೈಹಿಡಿಯುವ ಪ್ರೇಮ ಕಾದಂಬರಿಗಳನ್ನು ಕಲಬುರಗಿಯಲ್ಲಿ ಬಸ್ ಹತ್ತಿ ಕಮಲಾಪುರ ಮುಟ್ಟುವುದರೊಳಗೆ ಓದಿ ಮುಗಿಸುತ್ತೇವೆ. ಕೂಸು ಯಾರ ಪಾಲು ಎಂದು ಅವು ಕೇಳುವುದಿಲ್ಲ. ಕೇಳಿದ್ದು ಭೈರಪ್ಪನವರ 'ವಂಶವೃಕ್ಷ' (1965). ಅಷ್ಟು ಒಪ್ಪೋಣ. ಉತ್ತರ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಗಂಡ ಕಪಿಲೆಯ ಪಾಲಾದ ಮೇಲೆ ಕಾತ್ಯಾಯಿನಿ ರಾಜನನ್ನು ಮದುವೆಯಾಗುತ್ತಾಳೆ. ಮಗ ಮಾವ ಶ್ರೋತ್ರಿಯ ಮನೆಯಲ್ಲೇ ಉಳಿಯುತ್ತಾನೆ. ಆಮೇಲೆ ಗರ್ಭಪಾತದ ಮೇಲೆ ಗರ್ಭಪಾತ, ಕೊನೆಗೆ ಸಾವು. ಈ ಶಿಕ್ಷೆ ವಿಧಿಸಿದ್ದು ನಿಸರ್ಗವೋ, ಲೇಖಕರೋ? ತನ್ನ ಹುಟ್ಟೇ ಆ ವಂಶದ್ದಲ್ಲ ಎಂದು ಶ್ರೋತ್ರಿಗೆ ತಿಳಿಯುತ್ತದಲ್ಲ, ಅವರಿಗೆ ಸಿಗುವುದು ಸನ್ಯಾಸದ ಗೌರವ. ಸುಳ್ಳು ವಂಶಕ್ಕೆ ಕೂಸು ಕೊಟ್ಟವಳಿಗೆ ಮಸಣ.

1856ರ ವಿಧವಾ ವಿವಾಹ ಕಾಯ್ದೆಯೂ ಹೀಗೇ: ಮರುಮದುವೆಗೆ ಒಪ್ಪಿತು, ಸತ್ತ ಗಂಡನ ಆಸ್ತಿ ಕಸಿಯಿತು. ಮಕ್ಕಳಿಗಾಗಿ ಗಂಡನ ಕಡೆಯವರು ಕೋರ್ಟಿಗೆ ಹೋಗಲು ದಾರಿ ಬಿಟ್ಟಿತು.

ನಮ್ಮಲ್ಲಿ ಉಡಿಕಿ ಇತ್ತು ಅಂತ ಎದೆ ಉಬ್ಬಿಸೋದು ಬ್ಯಾಡ. ಉಡಿಕಿಯಾದಾಕಿಯನ್ನು ಶುಭಕಾರ್ಯದಾಗ ಹಿಂದೆ ನಿಲ್ಲಿಸಿದವರು, ಕೂಸು ಬಿಟ್ಟು ಹೋಗು ಅಂದವರು ನಮ್ಮ ಹಿರೇರೇ. ಕಮಲಾಪುರದ ಬಾಳೆ ತೋಟಕ್ಕೆ ಕೂಲಿಗೆ ಹೋಗುವ ಅವ್ವನೊಬ್ಬಳು ಈ ಕತೆ ಕೇಳಿ ಅಂದಳು: "ಹಡದಾಕಿನ್ನ ಯಾರೂ ಕೇಳಲಿಲ್ಲೇನ್ರಿ?"