300 ಡಾಲರಿನ ಸ್ಕೋಪ್ ಎಷ್ಟು ಗಟ್ಟಿ?

ಒಂದು ಪಟ್ಟಿನಿಂದ ಶುರುವಾಗಿ ನಾಲ್ಕು, ಆರು, ಎಂಟು ಅಥವಾ ಹತ್ತು ಪಟ್ಟಿನವರೆಗೆ ವರ್ಧನೆ ಬದಲಿಸಬಹುದಾದ ರೈಫಲ್ ಸ್ಕೋಪಿಗೆ ಅಮೆರಿಕದ ಬಂದೂಕು ವಲಯದಲ್ಲಿ ಎಲ್‌ಪಿವಿಒ ಎಂಬ ಹೆಸರಿದೆ. ಮುಂದಿನ ಮಸೂರದ ವ್ಯಾಸ ಸಾಮಾನ್ಯವಾಗಿ 24 ಮಿ.ಮೀ., ನಳಿಕೆಯದು 30 ಮಿ.ಮೀ. ವರ್ಧನೆ 1ರಲ್ಲಿದ್ದಾಗ ಎರಡೂ ಕಣ್ಣು ತೆರೆದುಕೊಂಡೇ ಹತ್ತಿರದ ಗುರಿಗೆ ಈಡು ಹೊಡೆಯಬಹುದು. ಉಂಗುರ ತಿರುಗಿಸಿದರೆ 300 ಮೀಟರ್ ಆಚೆಯ ಗುರಿಯ ಅಂಚೂ ಸ್ಪಷ್ಟವಾಗುತ್ತದೆ. ಒಂದೇ ಉಪಕರಣ ಈ ಎರಡು ಕೆಲಸವನ್ನೂ ಮಾಡುತ್ತದೆ ಎಂಬುದೇ ಇದರ ಆಕರ್ಷಣೆ. ಅಗ್ಗದ ಸ್ಕೋಪುಗಳು ಸೋಲುವುದೂ ಹೆಚ್ಚಾಗಿ ಈ ಎರಡನ್ನು ಒಟ್ಟಿಗೆ ನಿಭಾಯಿಸುವಲ್ಲೇ.

ಇದರ ಮೂಲ ಯುರೋಪಿನ ಬೇಟೆಯಲ್ಲಿದೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾಡುಹಂದಿಗಳನ್ನು ಸೋವಿ ಹೊರಗೆಬ್ಬಿಸುವಾಗ ಕಣ್ಣೆದುರು ಓಡುವ ಪ್ರಾಣಿಗೆ ಗುರಿಯಿಡಲು ಅಗಲ ನೋಟ, ಕಡಿಮೆ ವರ್ಧನೆ ಬೇಕಿತ್ತು. 1.1ರಿಂದ 4 ಪಟ್ಟಿನ ಸ್ಕೋಪುಗಳು ಬಂದದ್ದು ಆ ಅಗತ್ಯದಿಂದ. ಜರ್ಮನಿಯ ಸ್ಮಿಟ್ ಅಂಡ್ ಬೆಂಡರ್ ಕಂಪನಿ ‘ಶಾರ್ಟ್ ಡಾಟ್’ ಮೂಲಕ ಅದನ್ನು ಸೈನಿಕ ಬಳಕೆಗೂ ತಂದಿತು. ಮುಂದೆ ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರನ್ನೂ ಬಳಸುವ ಅಮೆರಿಕದ ತ್ರೀ-ಗನ್ ಸ್ಪರ್ಧೆಗಳಲ್ಲಿ 1-6 ಪಟ್ಟಿನ ಸ್ಕೋಪುಗಳು ಬೇರೂರಿದವು. 2020ರ ಫೆಬ್ರವರಿಯಲ್ಲಿ ಅಮೆರಿಕದ ಮರೀನ್ ಕೋರ್ ಟ್ರಿಜಿಕಾನ್ ಕಂಪನಿಯ ವಿಕಾಗ್ 1-8×28 ಸ್ಕೋಪನ್ನು ಆಯ್ದುಕೊಂಡಿತು. ಸುಮಾರು 19,000 ಸ್ಕೋಪುಗಳಿಗೆ 6.4 ಕೋಟಿ ಡಾಲರಿನ ಗುತ್ತಿಗೆ. ಅಗ್ಗದ ಮಾರುಕಟ್ಟೆಯೂ 8, 10 ಎಂದು ಅಂಕಿ ಏರಿಸಿದೆ. ಸಾವಿರಾರು ಡಾಲರಿನ ಸ್ಕೋಪಿನ ಅಂಕಿಯನ್ನು 300 ಡಾಲರಿನ ಸ್ಕೋಪಿನ ಮೇಲೆ ಕೆತ್ತುವುದು ಸುಲಭ, ಅದರ ಒಳಗಿನ ಕೆಲಸವನ್ನು ಅದೇ ಬೆಲೆಗೆ ಮಾಡಿಕೊಡುವುದು ಅಸಾಧ್ಯ. ಖರೀದಿದಾರ ಮೊದಲು ಅರಿಯಬೇಕಾದ ಸಂಗತಿ ಇದು.

ಆ ಒಳಗಿನ ಕೆಲಸ ಯಾವುದು? ಸ್ಕೋಪಿನ ಹೊರ ನಳಿಕೆಯೊಳಗೆ ಇನ್ನೊಂದು ಕಿರುನಳಿಕೆ ಇರುತ್ತದೆ. ತಲೆಕೆಳಗಾಗಿ ಬೀಳುವ ಬಿಂಬವನ್ನು ನೇರ ಮಾಡುವ ಮಸೂರಗಳು ಕೂತಿರುವುದು ಅದರಲ್ಲಿ. ಇದರ ಹಿಂದಿನ ತುದಿ ಕೀಲಿನ ಮೇಲೆ ನಿಂತಿರುತ್ತದೆ, ಮುಂದಿನ ತುದಿ ಅತ್ತಿತ್ತ ಸರಿಯುತ್ತದೆ. ಮೇಲಿನ ಮತ್ತು ಬದಿಯ ಟರೆಟ್ಟುಗಳ, ಅಂದರೆ ಗುರಿ ಹೊಂದಿಸುವ ತಿರುಗುಗುಂಡಿಗಳ, ತಿರುಪುಗಳು ಅದನ್ನು ಎರಡು ಕಡೆಯಿಂದ ಒತ್ತಿದರೆ, ಎದುರು ಬದಿಯಿಂದ ಸ್ಪ್ರಿಂಗು ಮರಳಿ ತಳ್ಳುತ್ತದೆ. ಕೋವಿಯ ಜೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಮಾಡಿದ ಹೊಂದಾಣಿಕೆ, ನಿಂತಿರುವುದು ಈ ಒತ್ತಡದ ಸಮತೋಲದ ಮೇಲೆ. ಮುಂದಿನ ಮಸೂರದ ನಾಭಿದೂರ 100 ಮಿ.ಮೀ. ಎಂದುಕೊಂಡರೆ, ಕಿರುನಳಿಕೆಯ ತುದಿ ಒಂದು ಮಿ.ಮೀ.ನ ನೂರನೇ ಒಂದು ಭಾಗದಷ್ಟು ಜರುಗಿದರೂ 100 ಮೀಟರಿನಲ್ಲಿ ಗುಂಡು ಬೀಳುವ ಜಾಗ ಒಂದು ಸೆಂಟಿಮೀಟರ್ ಬದಲಾಗುತ್ತದೆ. ಒಂದು ತಲೆಗೂದಲಿನ ದಪ್ಪದಷ್ಟು ಸರಿದರೆ ಐದರಿಂದ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಸ್ಕೋಪ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತಿರುತ್ತದೆ, ಗಾಜು ಸ್ವಚ್ಛವಾಗಿರುತ್ತದೆ, ಗುಂಡು ಮಾತ್ರ ಗುರಿಗೆ ತಾಗುವುದಿಲ್ಲ.

ವರ್ಧನೆ ಬದಲಿಸುವ ವ್ಯವಸ್ಥೆ ಇರುವುದೂ ಇದೇ ಕಿರುನಳಿಕೆಯಲ್ಲಿ. ಅದರ ಮೈಯಲ್ಲಿ ಓರೆಯಾಗಿ ಕೊರೆದ ತೋಡುಗಳಿರುತ್ತವೆ. ಉಂಗುರ ತಿರುಗಿಸಿದಾಗ ಮಸೂರಗಳು ಆ ತೋಡುಗಳಗುಂಟ ಹಿಂದೆ ಮುಂದೆ ಸರಿಯುತ್ತವೆ. ವರ್ಧನೆಯ ಹರವು ಹೆಚ್ಚಿದಷ್ಟೂ ಕೊರೆತ ಕರಾರುವಾಕ್ಕಾಗಿರಬೇಕು, ಜೋಡಣೆ ಬಿಗಿಯಾಗಿರಬೇಕು. ತೋಡಿನಲ್ಲಿ ಸಡಿಲಿದ್ದರೆ 1ರಲ್ಲಿ ಒಂದು ಜೀರೋ, 6ರಲ್ಲಿ ಇನ್ನೊಂದು. ಉತ್ಪಾದಕರು ಖರ್ಚು ಉಳಿಸುವುದು ಎಲ್ಲಿ ಎಂದು ಕೇಳಿದರೆ, ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಬೀಳದ ಕಡೆ ಎಂಬುದು ಸಹಜ ಉತ್ತರ. ಗಾಜು ಮಂಕಾಗಿದ್ದರೆ ಕೈಗೆತ್ತಿಕೊಂಡ ಕ್ಷಣವೇ ಗೊತ್ತಾಗುತ್ತದೆ, ಸ್ಪ್ರಿಂಗ್ ಸೋತಿದ್ದರೆ ನೂರಾರು ಗುಂಡು ಹಾರಿದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಇವತ್ತಿನ ಅಗ್ಗದ ಸ್ಕೋಪುಗಳ ಗಾಜು ಬೆಲೆಗೆ ಮೀರಿ ಚೆನ್ನಾಗಿದ್ದರೂ ಯಂತ್ರಭಾಗ ಆ ಮಟ್ಟಕ್ಕೆ ಬಂದಿಲ್ಲ. ಗಾಜಿನ ಹೊಳಪನ್ನೇ ಹೊಗಳುವ ವಿಮರ್ಶೆಗಳು ಓದುಗನಿಗೆ ಅರ್ಧ ಸತ್ಯವನ್ನಷ್ಟೇ ಕೊಡುತ್ತವೆ.

ಸ್ಪ್ರಿಂಗಿನಿಂದ ಓಡುವ ಏರ್ ರೈಫಲುಗಳಲ್ಲಿ ಈ ದೌರ್ಬಲ್ಯ ಇನ್ನೂ ಬೇಗ ಬಯಲಾಗುತ್ತದೆ. ಅವು ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಒದೆಯುತ್ತವೆ. ಹಿಂದಿನ ಒದೆತಕ್ಕಷ್ಟೇ ತಯಾರಾದ ಸ್ಕೋಪಿನ ಒಳಭಾಗ ಈ ಎರಡನೇ ಏಟಿಗೆ ಕಳಚಿಕೊಳ್ಳುತ್ತದೆ. ಭಾರತದಲ್ಲಿ 0.177 ಇಂಚು ಕ್ಯಾಲಿಬರಿನ, 20 ಜೂಲ್ ಮೀರದ ಏರ್ ರೈಫಲಿಗೆ ಪರವಾನಗಿ ಬೇಕಿಲ್ಲವಾದ್ದರಿಂದ ಕರ್ನಾಟಕದ ಹವ್ಯಾಸಿಗಳು ಸ್ಕೋಪ್ ಕೂರಿಸುವುದು ಬಹುಮಟ್ಟಿಗೆ ಅಂಥವುಗಳ ಮೇಲೇ. ಎಲ್‌ಪಿವಿಒ ಅವರಿಗೆ ಹೊಂದುವ ವಸ್ತುವಲ್ಲ. ಇದರ ಪ್ಯಾರಲಾಕ್ಸನ್ನು ಸಾಮಾನ್ಯವಾಗಿ 100 ಗಜಕ್ಕೆ ಖಾಯಂ ಮಾಡಿರುತ್ತಾರೆ, 10 ಮೀಟರ್ ಗುರಿಯಲ್ಲಿ ಕಣ್ಣು ಸ್ವಲ್ಪ ಸರಿದರೂ ರೆಟಿಕಲ್ (ಗುರಿಯಿಡಲು ಸ್ಕೋಪಿನೊಳಗೆ ಕಾಣುವ ಗುರುತು) ಗುರಿಯ ಮೇಲೆ ಓಡಾಡುತ್ತದೆ.

ದೃಷ್ಟಿಯ ಲೆಕ್ಕ ಅಷ್ಟು ತೊಡಕಿನದಲ್ಲ. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕೋಲಿನ ಅಗಲ ಸಿಗುತ್ತದೆ. 24 ಮಿ.ಮೀ. ಮಸೂರಕ್ಕೆ 6 ಪಟ್ಟಿನಲ್ಲಿ ಅದು 4 ಮಿ.ಮೀ., 10 ಪಟ್ಟಿನಲ್ಲಿ 2.4 ಮಿ.ಮೀ. ಮುಸ್ಸಂಜೆಗೆ ಕಣ್ಣಿನ ಪಾಪೆ 5-6 ಮಿ.ಮೀ. ಅರಳುತ್ತದೆ, ಆ ಹೊತ್ತಿಗೆ 10 ಪಟ್ಟಿನ ಬಿಂಬ ಕತ್ತಲಾಗಿರುತ್ತದೆ. ಹಗಲಲ್ಲೂ ತಲೆ ಒಂದಿಷ್ಟು ಸರಿದರೆ ಬಿಂಬದ ಸುತ್ತ ಕರಿನೆರಳು ಕವಿಯುತ್ತದೆ. ಹೆಚ್ಚಿನ ವರ್ಧನೆಯನ್ನು ಬಳಸಲು ಯೋಗ್ಯವಾಗಿಸುವುದು ದುಬಾರಿ ವಿನ್ಯಾಸ. ಅಗ್ಗದ 1-10ರಲ್ಲಿ ಕೊನೆಯ ನಾಲ್ಕು ಪಟ್ಟು ಪೆಟ್ಟಿಗೆಯ ಮೇಲಿನ ಮುದ್ರಣಕ್ಕಷ್ಟೇ ಸೀಮಿತ.

ಕೆಳ ತುದಿಯಲ್ಲಿ ಪರಿಶೀಲಿಸಬೇಕಾದದ್ದು 1 ಎಂಬುದು ನಿಜವಾಗಿ 1 ಹೌದೋ ಅಲ್ಲವೋ ಎಂದು. ಅಂಗಡಿಯಲ್ಲೇ ಇದನ್ನು ನೋಡಿಬಿಡಬಹುದು. ಎರಡೂ ಕಣ್ಣು ತೆರೆದು ಸ್ಕೋಪನ್ನು ಬಾಗಿಲಿನ ನಿಲುವಿನತ್ತ ಹಿಡಿದಾಗ, ಸ್ಕೋಪಿನೊಳಗಿನ ನಿಲುವೂ ಹೊರಗಿನ ನಿಲುವೂ ಒಂದೇ ಗಾತ್ರದಲ್ಲಿ, ಒಂದೇ ಗೆರೆಯಲ್ಲಿ ಕೂಡಬೇಕು. ಒಳಗಿನದು ದಪ್ಪ ಕಂಡರೆ, ಅಂಚಿನಲ್ಲಿ ಬಾಗಿದರೆ, ಅಥವಾ ಸ್ಕೋಪನ್ನು ಅತ್ತಿತ್ತ ಆಡಿಸಿದಾಗ ದೃಶ್ಯ ತೇಲಿದಂತಾದರೆ ಹತ್ತಿರದ ಗುರಿಗೆ ಅದು ಕಣ್ಣಿಗೆ ಆಯಾಸ ಕೊಡುತ್ತದೆ. ಒಳ್ಳೆಯ 1-6 ಸ್ಕೋಪಿನಲ್ಲಿ 100 ಮೀಟರ್ ದೂರದಲ್ಲಿ 1 ಪಟ್ಟಿಗೆ ಸುಮಾರು 35 ಮೀಟರ್ ಅಗಲ, 6 ಪಟ್ಟಿಗೆ ಆರು ಮೀಟರಿಗೂ ಸ್ವಲ್ಪ ಹೆಚ್ಚು ಅಗಲ ಕಾಣುತ್ತದೆ.

ರೆಟಿಕಲ್ ಯಾವ ನಾಭಿತಲದಲ್ಲಿರಬೇಕೆಂಬ ವಾದಕ್ಕೆ ಕೊನೆಯಿಲ್ಲ. ಮೊದಲ ತಲದಲ್ಲಿದ್ದರೆ ವರ್ಧನೆಯೊಂದಿಗೆ ಅದೂ ಹಿಗ್ಗುತ್ತದೆ, ಗುರುತುಗಳ ಅಳತೆ ಎಲ್ಲ ವರ್ಧನೆಯಲ್ಲೂ ಸರಿ. ಆದರೆ 1ರಲ್ಲಿ ಅದು ಕಾಣದಷ್ಟು ಕಿರಿದಾಗುವುದರಿಂದ ಪ್ರಖರವಾದ ದೀಪ ಇಲ್ಲದೆ ಕೆಲಸಕ್ಕೆ ಬಾರದು. ಎರಡನೇ ತಲದಲ್ಲಿದ್ದರೆ ಗಾತ್ರ ಒಂದೇ, ಅಳತೆ ಮಾತ್ರ ಸಾಮಾನ್ಯವಾಗಿ ಗರಿಷ್ಠ ವರ್ಧನೆಯಲ್ಲಷ್ಟೇ ಸರಿ. 6 ಪಟ್ಟಿನಲ್ಲಿ 40 ಸೆಂ.ಮೀ. ಇಳಿತವನ್ನು ಸೂಚಿಸುವ ಗುರುತು 3 ಪಟ್ಟಿನಲ್ಲಿ 80 ಸೆಂ.ಮೀ. ಆಗುತ್ತದೆ. ಮರೆತವನ ಗುಂಡು ಗುರಿಯ ಮೇಲಿಂದ ಹಾರಿಹೋಗುತ್ತದೆ. ಆದರೂ 300 ಡಾಲರಿನ ಮಟ್ಟದಲ್ಲಿ ಎರಡನೇ ತಲವೇ ಮೇಲು. ಕಾರಣ, ಹೆಚ್ಚಿನ ಅಗ್ಗದ ಸ್ಕೋಪುಗಳ ದೀಪ ನಡುಹಗಲಿನ ಬಿಸಿಲಿನಲ್ಲಿ ಕಾಣುವುದಿಲ್ಲ, ಕಪ್ಪು ರೆಟಿಕಲನ್ನೇ ನಂಬಬೇಕು. ಅದು ಗಾಜಿನ ಮೇಲೆ ಕೆತ್ತಿದ್ದಾಗಿರಬೇಕು. ಸಿಆರ್2032 ಬ್ಯಾಟರಿ ಮುಗಿದ ಮೇಲೂ ಉಳಿಯುವುದು ಅದೊಂದೇ.

ಇನ್ನು ಮಾದರಿಗಳು. ಟೆಕ್ಸಾಸ್‌ನ ಪ್ರೈಮರಿ ಆರ್ಮ್ಸ್ ಕಂಪನಿಯ ಎಸ್‌ಎಲ್‌ಎಕ್ಸ್ 1-6×24, ವಿಸ್ಕಾನ್ಸಿನ್‌ನ ವೋರ್ಟೆಕ್ಸ್ ಕಂಪನಿಯ ಸ್ಟ್ರೈಕ್ ಈಗಲ್ 1-6×24, ಕೊಲೊರಾಡೊದ ಬರಿಸ್ ಕಂಪನಿಯ ಆರ್‌ಟಿ-6, ಈ ಮೂರು ಸರಿಸುಮಾರು ಒಂದೇ ಬೆಲೆಯ ಆಸುಪಾಸಿನವು. ಮೊದಲೆರಡು ಚೀನಾದಲ್ಲಿ ತಯಾರಾಗುತ್ತವೆ. ತೂಕ ಅರ್ಧ ಕಿಲೋ ಆಸುಪಾಸು. ಎಸ್‌ಎಲ್‌ಎಕ್ಸ್‌ನ ಬಲ ಅದರ ಎಸಿಎಸ್‌ಎಸ್ ರೆಟಿಕಲ್. ನಡುವೆ ಬಾಣದ ತುದಿ, ಕೆಳಗೆ ದೂರದೂರದ ಇಳಿತದ ಗುರುತುಗಳು, ಗುರಿಯ ಅಗಲ ಎತ್ತರದಿಂದ ದೂರ ಅಂದಾಜಿಸುವ ಗೆರೆಗಳು; ಹೊಸಬನಿಗೂ ಅರ್ಧ ಗಂಟೆಯಲ್ಲಿ ಕೈವಶವಾಗುತ್ತದೆ. ಅದರ ಮಿತಿಯೂ ಅಲ್ಲೇ ಇದೆ. ಆ ಗುರುತುಗಳು ನಿರ್ದಿಷ್ಟ ಗುಂಡು, ನಿರ್ದಿಷ್ಟ ವೇಗಕ್ಕೆ ಲೆಕ್ಕ ಹಾಕಿದವು. ಕೋವಿಯ ನಳಿಗೆ ಗಿಡ್ಡವಾದರೆ, ತೋಟಾ ಬದಲಾದರೆ ದೂರದ ಗುರುತುಗಳು ಹೊಂದುವುದಿಲ್ಲ. ಆರ್‌ಟಿ-6ರ ಪರವಾಗಿ ಹೇಳಬೇಕಾದದ್ದು ಅದರ ಎರಡು ಸ್ಪ್ರಿಂಗಿನ ಒಳವ್ಯವಸ್ಥೆ; ಕಿರುನಳಿಕೆಯನ್ನು ಬಿಗಿಯಾಗಿ ಹಿಡಿಯಲೆಂದೇ ಮಾಡಿದ್ದು, ಖರ್ಚನ್ನು ಸರಿಯಾದ ಜಾಗದಲ್ಲಿ ಮಾಡಿದ ಉದಾಹರಣೆ. ಸ್ಟ್ರೈಕ್ ಈಗಲ್ ಹೆಚ್ಚು ಮಾರಾಟವಾಗುವುದರಲ್ಲಿ ಕಂಪನಿಯ ಆಜೀವ ವಾರಂಟಿಯ ಪಾಲು ದೊಡ್ಡದು. ರಸೀದಿ ಕೇಳದೆ, ಕೈ ಬದಲಾಗಿದ್ದರೂ ರಿಪೇರಿ ಮಾಡಿಕೊಡುವ ವಾರಂಟಿ ಅದು. ಇದು ಮೆಚ್ಚಬೇಕಾದ ಸೇವೆ. ಆದರೆ ವಾರಂಟಿ ಬೇರೆ, ಬಾಳಿಕೆ ಬೇರೆ. ಕಾಡಿನ ನಡುವೆ ಜೀರೋ ತಪ್ಪಿದ ಸ್ಕೋಪಿಗೆ ವಾರಂಟಿ ಅಂದಿನ ಮಟ್ಟಿಗೆ ಏನನ್ನೂ ಮಾಡಲಾರದು.

ಜಿಂಕೆ ಬೇಟೆಗೆ ಮಾತ್ರ ಬಳಸುವವರಿಗೆ ಒರೆಗನ್‌ನ ಲ್ಯೂಪೋಲ್ಡ್ ಕಂಪನಿಯ ವಿಎಕ್ಸ್-ಫ್ರೀಡಂ 1.5-4×20 ಬೇರೆಯದೇ ದಾರಿ. ಒಂದು ಇಂಚಿನ ನಳಿಕೆ, ತೂಕ ಸುಮಾರು 270 ಗ್ರಾಂ. ಕೆಳ ತುದಿ ನಿಜವಾದ 1 ಅಲ್ಲ ಎಂಬ ಕೊರತೆ ಇದೆ. ಆದರೆ ಹರವು ಕಿರಿದಾದ್ದರಿಂದ ಒಳಗಿನ ರಚನೆ ಸರಳ, ತೂಕ ಕಡಿಮೆಯಾದ್ದರಿಂದ ಬಿದ್ದಾಗ ತಿನ್ನುವ ಏಟೂ ಕಡಿಮೆ. ಸಾವಿರ ಡಾಲರ್ ದಾಟಿದ ವರ್ಗದ ವೋರ್ಟೆಕ್ಸ್ ರೇಜರ್ 1-6×24 ಸುಮಾರು 610 ಗ್ರಾಂ ತೂಗುತ್ತದೆ. ಅದರ ಬೆಳಕಿನ ಚುಕ್ಕೆ ಬಿಸಿಲಲ್ಲೂ ಉರಿಯುತ್ತದೆ, 1ರಲ್ಲಿ ದೃಶ್ಯ ಎಲ್ಲೂ ಬಾಗುವುದಿಲ್ಲ. ಅಗ್ಗದ ಸ್ಕೋಪುಗಳು ಇವೆರಡರಲ್ಲಿ ಎಷ್ಟು ಹಿಂದಿವೆ ಎಂದು ತಿಳಿಯಲು ಒಮ್ಮೆಯಾದರೂ ಅದರಲ್ಲಿ ಕಣ್ಣಿಟ್ಟು ನೋಡಬೇಕು.

ಸ್ಕೋಪ್ ಎಷ್ಟೇ ಗಟ್ಟಿಯಿದ್ದರೂ ಅದನ್ನು ರೈಫಲಿಗೆ ಹಿಡಿದಿಡುವ ಮೌಂಟ್ ಸಡಿಲಿದ್ದರೆ ಪ್ರಯೋಜನವಿಲ್ಲ. ಜೀರೋ ನಿಲ್ಲುತ್ತಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಮೌಂಟಿನದು. ಎಆರ್-15 ಮಾದರಿಯ ರೈಫಲಿಗೆ ಮುಂದಕ್ಕೆ ಚಾಚಿದ ಒಂದೇ ತುಂಡಿನ ಮೌಂಟ್ ಬೇಕು, ನೂರು ಡಾಲರಿನ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ. ತಿರುಪುಗಳ ಎಣ್ಣೆ ಒರೆಸಿ, ಉಂಗುರದ ತಿರುಪುಗಳನ್ನು 15ರಿಂದ 18 ಇಂಚು-ಪೌಂಡ್ ಬಿಗಿತಕ್ಕೆ ಟಾರ್ಕ್ ಉಪಕರಣದಿಂದಲೇ ಕೂರಿಸಬೇಕು. ಕೈಯಂದಾಜಿನಲ್ಲಿ ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ನಳಿಕೆ ಅಮುಕಿಹೋಗಿ, ವರ್ಧನೆಯ ಉಂಗುರ ಗಡುಸಾಗುತ್ತದೆ, ಒಳಗಿನ ಕಿರುನಳಿಕೆಗೂ ಧಕ್ಕೆ. 300 ಡಾಲರಿನ ಸ್ಕೋಪಿಗೆ 25 ಡಾಲರಿನ ಮೌಂಟ್ ಹಾಕುವುದು ಉಳಿತಾಯವಲ್ಲ.

ಬಾಳಿಕೆಯನ್ನು ಅಳೆಯುವ ವಿಧಾನಗಳಲ್ಲಿ ಕಂಪನಿಗಳು ಹೆಚ್ಚು ಪ್ರಚಾರ ಮಾಡುವುದು ಒದೆತದ ಯಂತ್ರವನ್ನು. ಲ್ಯೂಪೋಲ್ಡ್ ತನ್ನ ಸ್ಕೋಪುಗಳಿಗೆ 5,000 ಏಟು ಕೊಟ್ಟು ನೋಡುವುದಾಗಿ ಹೇಳುತ್ತದೆ. ಅದು ಗಂಭೀರ ಪರೀಕ್ಷೆಯೇ. ಆದರೆ ಒದೆತ ಬರುವುದು ನಳಿಕೆಯ ಉದ್ದಕ್ಕೆ, ರೈಫಲ್ ಗೋಡೆಗೆ ಒರಗಿದ್ದು ಜಾರಿ ಬಿದ್ದರೆ ಏಟು ಬೀಳುವುದು ಬದಿಯಿಂದ. ಸ್ಪ್ರಿಂಗ್ ದುರ್ಬಲವಾಗಿದ್ದರೆ ಅದು ಬಯಲಾಗುವುದು ಈ ಬದಿಯ ಏಟಿನಲ್ಲಿ. ನೀರಿನ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಸಾರಜನಕ ತುಂಬಿ, ರಬ್ಬರ್ ಉಂಗುರಗಳಿಂದ ಬಂದ್ ಮಾಡುವ ಕೆಲಸವನ್ನು ಅಗ್ಗದ ಕಾರ್ಖಾನೆಗಳೂ ಚೆನ್ನಾಗಿ ಕಲಿತಿವೆ.

ಕೊಂಡ ಸ್ಕೋಪನ್ನು ವಾಪಸು ಕೊಡುವ ಅವಧಿಯೊಳಗೇ ಪರೀಕ್ಷೆಗೆ ಒಡ್ಡಬೇಕು. ಜೀರೋ ಮಾಡಿದ ಮೇಲೆ ಐದು ಗುಂಡಿನ ಗುಂಪೊಂದನ್ನು 6 ಪಟ್ಟಿನಲ್ಲಿ ಹೊಡೆದು, ಉಂಗುರವನ್ನು 1ಕ್ಕೂ 6ಕ್ಕೂ ಹತ್ತಾರು ಬಾರಿ ತಿರುಗಿಸಿ, ಮತ್ತೆ ಐದು ಹೊಡೆಯುವುದು ಮೊದಲನೆಯದು. ಟರೆಟ್ಟನ್ನು ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಒಂದೇ ಸಂಖ್ಯೆಯ ಕ್ಲಿಕ್ಕುಗಳಷ್ಟು ತಿರುಗಿಸುತ್ತ ಚೌಕ ಬಿಡಿಸಿ, ಕೊನೆಯ ಗುಂಪು ಮೊದಲಿನ ಜಾಗಕ್ಕೇ ಬಂತೇ ಎಂದು ನೋಡುವುದು ಎರಡನೆಯದು. ತೋಟಾ ತೆಗೆದು, ಚೇಂಬರ್ ಖಾಲಿಯಿದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ರೈಫಲನ್ನು ಮೊಣಕಾಲೆತ್ತರದಿಂದ ದಪ್ಪ ಚಾಪೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳಿಸಿ ಮತ್ತೆ ಗುಂಪು ಹೊಡೆಯುವುದು ಮೂರನೆಯದು. ಮೂರು ಗುಂಡಿನ ಗುಂಪಿನಿಂದ ಯಾವ ತೀರ್ಮಾನಕ್ಕೂ ಬರಬಾರದು. ಅಷ್ಟರಲ್ಲಿ ಕೋವಿಯ ಸಹಜ ಚದುರಿಕೆಯನ್ನೂ ಸ್ಕೋಪಿನ ದೋಷವನ್ನೂ ಬೇರ್ಪಡಿಸಲಾಗದು.

ಒಟ್ಟು 400 ಡಾಲರಿನ ಮಿತಿಯಲ್ಲಿ ಆರಿಸುವುದಾದರೆ, ಎರಡನೇ ನಾಭಿತಲದ, ಗಾಜಿನ ಮೇಲೆ ಕೆತ್ತಿದ ರೆಟಿಕಲಿನ 1-6 ಸ್ಕೋಪ್ ಮತ್ತು ನೂರು ಡಾಲರಿನ ಮೌಂಟ್ ಸರಿಯಾದ ಜೋಡಿ. ರೆಟಿಕಲ್ ಮುಖ್ಯವೆನ್ನುವವರಿಗೆ ಎಸ್‌ಎಲ್‌ಎಕ್ಸ್, ಏಟು ತಿನ್ನುವ ಕೆಲಸವಿರುವವರಿಗೆ ಆರ್‌ಟಿ-6, ಹೊತ್ತು ನಡೆಯುವ ಬೇಟೆಗಾರರಿಗೆ ಲ್ಯೂಪೋಲ್ಡ್. ಇದೇ ಬೆಲೆಯ 1-8, 1-10ಗಳನ್ನು ಸದ್ಯಕ್ಕೆ ಕೊಳ್ಳದಿರುವುದೇ ಒಳ್ಳೆಯದು.